ಪಗ್ಗು ತಿಂಗಳ ಲೆಕ್ಕ

ಸೊಸೈಟಿಯಲ್ಲಿ ಮಾರ್ಚ್ ಮುಗಿದರೂ
ಒಂದು ರೂಪಾಯಿ ಎಪ್ಪತ್ತು ಪೈಸೆ ತಾಳೆಯಾಗದೆ
ರಾತ್ರಿ ಎಂಟೂವರೆಗೆ ಕುಲಶೇಖರದಲ್ಲಿ ಬಸ್ಸಿಳಿದರೆ
ಏರಿನಲ್ಲಿ ಗಾಳಿಯಿಲ್ಲ,
ಕೊಳೆತ ಗೇರುಹಣ್ಣಿನ ಸಿಹಿ ಘಾಟು ಮಾತ್ರ.

ಫ್ರಿಜ್ಜಿನ ಬಾಗಿಲಲ್ಲಿ ಕ್ಯಾಲೆಂಡರು.
ಸೋಮ, ಬುಧ, ಶುಕ್ರ: ಲೋಕಯ್ಯ ಭಾವನ ಡಯಾಲಿಸಿಸ್.
ಮಂಗಳವಾರ: ವಾರಿಜ ದೊಡ್ಡಮ್ಮನ ಬಲಗೈಗೆ ವ್ಯಾಯಾಮ.
ಹದಿನಾಲ್ಕರ ಚೌಕದ ಮೂಲೆಯಲ್ಲಿ, ನೇರಳೆ ಕ್ರೇಯಾನಿನಲ್ಲಿ,
ತನುಷ್ ಬರೆದದ್ದು:
ನನ್ನ ಹಲ್ಲು ಬೀಳುವ ದಿನ. ಇರಬಹುದು.

ಶಾಲೆಗೆ ರಜೆ. ಇವರ ವ್ಯಾನಿಗೆ ಮಕ್ಕಳಿಲ್ಲ.
ಹಾಗಾಗಿ ಎಲ್‌ಕೆಜಿಯವರ ಗಿಡ್ಡ ಸೀಟಿನಲ್ಲಿ
ಮೊಣಕಾಲು ಎದೆಗೆ ತಾಗಿಸಿ ಭಾವ,
ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ
ನಿಂತೇ ಕಳೆದ ಕಂಡಕ್ಟರು.
ಹಿಂದಿನ ಗಾಜಿನಲ್ಲಿ 'ಮಕ್ಕಳಿದ್ದಾರೆ, ನಿಧಾನ'.
"ಅರವತ್ತೊಂದಕ್ಕೆ ಈ ಮರ್ಯಾದೆ ಸಿಕ್ಕಿತು ನೋಡು" ಎನ್ನುತ್ತಾರೆ,
ಊದಿದ ಪಾದಕ್ಕೆ ಚಪ್ಪಲಿ ಸಿಕ್ಕಿಸಲು ಹೆಣಗುತ್ತ.

ಡಯಟ್ ಹೇಳುವ ಹುಡುಗಿ ಕೊಟ್ಟ ಚೀಟಿ:
ಮಾವು ಬೇಡ. ಎಳನೀರು ಬೇಡ. ಹಲಸು ಬೇಡ.
ನೀರು ದಿನಕ್ಕೆ ಮುಕ್ಕಾಲು ಲೀಟರು.
ಓದುತ್ತ ನನಗನಿಸಿದ್ದು,
ಇವಳು ಬೇಡವೆಂದು ಬರೆದದ್ದು ಏಪ್ರಿಲ್ ತಿಂಗಳನ್ನೇ.

ಸಿಟ್ಟು ಬರುವುದಿಲ್ಲವೆಂದಲ್ಲ.
ಯಾರ ಮೇಲೆಂದು ಗೊತ್ತಿಲ್ಲದ್ದರಿಂದ
ಕುಕ್ಕರಿನ ಮುಚ್ಚಳದ ಮೇಲೆ ತೀರಿಸುತ್ತೇನೆ.
ಒಂದು ದಿನ ಬಟ್ಟೆ ಒಣಗಿಸಲು ಹೋದವಳು
ಅಲ್ಲೇ, ತಂತಿಯ ಕೆಳಗೆ, ಬಕೆಟ್ ಮಗುಚಿ ಕೂತಿದ್ದೆ.
ಕೆಳಗೆ ಓಣಿಯಲ್ಲಿ ದೃತಿ ಹೊಸದಾಗಿ ಸೈಕಲ್ ಕಲಿಯುತ್ತಿದ್ದಳು.
ಹಿಂದೆ ಓಡಲಾಗದ ದೊಡ್ಡಪ್ಪ ಮೆಟ್ಟಿಲ ಮೇಲಿಂದಲೇ
ಬಾಯಲ್ಲಿ ಸೀಟಿ ಊದಿ "ರೈಟ್ ಪೋಯಿ!"
ಅವಳು ಹೊರಟೇಬಿಟ್ಟಳು.
ನಿಲ್ಲಿಸುವುದು ಹೇಗೆಂದು ಯಾರೂ ಹೇಳಿರಲಿಲ್ಲ,
ಪಿಂಟೋರ ಗೇಟು ಹೇಳಿತು.
ಮೊಣಕೈ ತರಚಿ, ಹಲ್ಲು ಕಿಸಿದು ಬಂದಳು.

ಬಿಸು ಮಂಗಳವಾರವೇ ಬಂತು.
ಬೆಳಿಗ್ಗೆ ಕಣಿ: ಕನ್ನಡಿ, ಅಕ್ಕಿ, ಮುಳ್ಳುಸೌತೆ,
ಗೊನೆ ಸಹಿತ ಗೇರುಹಣ್ಣು, ಭಾವನ ಹಳೆಯ ಚರ್ಮದ ಚೀಲ
(ಅದನ್ನಿಟ್ಟದ್ದು ತನುಷ್; ತೆಗೆಯಲು ಮನಸ್ಸಾಗಲಿಲ್ಲ).
ಮಕ್ಕಳು ಕಾಲು ಮುಟ್ಟಿದಾಗ ದೊಡ್ಡಮ್ಮ
ಎಡಗೈಯನ್ನೇ ತಲೆಯ ಮೇಲಿಟ್ಟಳು.
ಅಪಶಕುನ ಎನ್ನಲು ಯಾರಿಗೂ ಪುರುಸೊತ್ತಿರಲಿಲ್ಲ,
ಒಲೆಯ ಮೇಲೆ ಪಾಯಸ ಉಕ್ಕುತ್ತಿತ್ತು.

ಮಧ್ಯಾಹ್ನ ಕಾಟು ಮಾವಿನ ಗೊಜ್ಜು.
ಮೊದಲ ಚಮಚ ಅವಳ ಬಾಯಿಗೆ, ರೂಢಿಯಂತೆ;
ಮನೆಯ ಎಲ್ಲ ಮದುವೆಯ ಸಾರಿನ ರುಚಿ ನೋಡಿದ ನಾಲಿಗೆ ಅದು,
ಜನವರಿಯಿಂದ ಒಂದು ಶಬ್ದವಿಲ್ಲದೆ ಬಿದ್ದುಕೊಂಡದ್ದು.
ಚಪ್ಪರಿಸಿದಳು. ಹುಬ್ಬು ಗಂಟಿಕ್ಕಿದಳು.
"ಉಪ್ಪು" ಎಂದಳು.

ಫ್ಯಾನು ತಿರುಗುವುದು ಕೇಳಿಸಿತು.
ಆಮೇಲೆ ಐದೂ ಜನ ಒಟ್ಟಿಗೇ:
ಕಮ್ಮಿಯೋ? ಜಾಸ್ತಿಯೋ?
ಅದನ್ನು ಹೇಳಲಿಲ್ಲ ಪುಣ್ಯಾತ್ಗಿತ್ತಿ.
ಮತ್ತೆ ಬಾಯಿ ತೆರೆದಳು, ಇನ್ನೊಂದು ಚಮಚಕ್ಕೆ.

ಭಾವ ಒಂದು ಹಣ್ಣು ಕೈಗೆತ್ತಿಕೊಂಡರು, ನಾವೆಲ್ಲ ನೋಡಿದೆವು.
"ಹೆದರಬೇಡಿ ಮಾರಾಯ್ರೆ, ವಾಸನೆಯಲ್ಲಿ ಪೊಟ್ಯಾಸಿಯಂ ಇಲ್ಲ."
ಊಟ ಮುಗಿಯುವವರೆಗೂ ಮೂಗಿನ ಬಳಿಯೇ ಹಿಡಿದಿದ್ದರು,
ಮತ್ತೆ ಅಂಗಿಯ ಕಿಸೆಗೆ ಹಾಕಿಕೊಂಡರು.
ಅಷ್ಟರಲ್ಲಿ ಗೊರಟು ಚೀಪುತ್ತಿದ್ದ ತನುಷ್ ಬಾಯಿ ಮುಟ್ಟಿ ನೋಡಿ
ಕಿರುಚಿದ: ಬಿತ್ತು! ಎಲ್ಲಿ ಬಿತ್ತೋ ಗೊತ್ತಿಲ್ಲ.
ಗೊಜ್ಜಿನ ಪಾತ್ರೆಯನ್ನು ಎಲ್ಲರೂ ಬಗ್ಗಿ ನೋಡಿದೆವು.
ಇವರು ಆಗಲೇ ಎರಡನೇ ಸಲ ಬಡಿಸಿಕೊಂಡಿದ್ದರು.

ನಾಳೆ ಬುಧವಾರ. ಆರಕ್ಕೆ ಹೊರಡಬೇಕು.
ಬಾಗಿಲು ಸರಿಯಿದೆಯೇ ನೋಡಲು ರಾತ್ರಿ ವ್ಯಾನಿನೊಳಗೆ ಹತ್ತಿದರೆ
ಗಿಡ್ಡ ಸೀಟಿನ ಮೇಲೆ ಆ ಹಣ್ಣು,
ಟಿಕೆಟಿನ ತುಂಡು ಕಾಗದದಲ್ಲಿ ಸುತ್ತಿ ಇಟ್ಟದ್ದು.
ಅಲ್ಲೇ ಬಿಟ್ಟು ಇಳಿದೆ.